‘ನನ್ನ ನರಕ’ ಚಿತ್ರದ ಕುರಿತು ಬರೆದವರಿಗೆ ಸಂಪಾದಕರ ಉತ್ತರ

ಪ್ರಿಯರೇ, ನಮಸ್ಕಾರ.

ತುರ್ಕಿಯ ಕಲಾವಿದೆ ಫಹ್ರೆಲ್‌ನಿಸಾ ಝೈದ್ ಅವರ ‘ನನ್ನ ನರಕ’ ಎಂಬ ಅಮೂರ್ತ ಚಿತ್ರವನ್ನು ಕುರಿತು ನೀವು ಕಳುಹಿಸಿದ ‘ಎರಡು ಲೋಕಗಳ ಸಂಗಮ’ ಲೇಖನವನ್ನು ಎರಡು ಸಲ ಓದಿದೆ. ಇಸ್ಲಾಮೀ ಪರಂಪರೆಯೂ ಪಾಶ್ಚಾತ್ಯ ಅಮೂರ್ತ ಕಲೆಯೂ ಈ ಚಿತ್ರದಲ್ಲಿ ಕೂಡುತ್ತವೆ ಎಂಬುದು ನಿಮ್ಮ ವಾದ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ವಿಷಯದ ಆಯ್ಕೆ ಚೆನ್ನಾಗಿದೆ, ಭಾಷೆಯ ಮೇಲೂ ನಿಮಗೆ ಹಿಡಿತವಿದೆ. ಆದ್ದರಿಂದಲೇ ಒಂದು ಸಾಲಿನಲ್ಲಿ ವಿಷಾದ ತಿಳಿಸಿ ಕೈತೊಳೆದುಕೊಳ್ಳದೆ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

‘ಸಂಗಮ’ ಎಂಬ ಪದ ನಿಮ್ಮ ಲೇಖನದಲ್ಲಿ ಹನ್ನೊಂದು ಸಲ ಬಂದಿದೆ. ಚಿತ್ರದಲ್ಲಿ ಯಾವ ಬಣ್ಣಗಳಿವೆ ಎಂಬುದು ಒಮ್ಮೆಯೂ ಬಂದಿಲ್ಲ. ಇಸ್ತಾಂಬುಲ್ ಮಾಡರ್ನ್ ಸಂಗ್ರಹಾಲಯದಲ್ಲಿರುವ 1951ರ ಈ ತೈಲಚಿತ್ರ ಎರಡು ಮೀಟರಿಗಿಂತ ಎತ್ತರವಾಗಿದೆ, ಐದು ಮೀಟರಿಗಿಂತ ಅಗಲವಾಗಿದೆ. ಎಂದರೆ ಸಾಮಾನ್ಯ ಮನೆಯ ಪಡಸಾಲೆಯ ಗೋಡೆಯಷ್ಟು. ಕಪ್ಪು, ಕೆಂಪು, ಹಳದಿಯ ಚೂಪಾದ ಚೂರುಗಳು ಒಂದನ್ನೊಂದು ಒತ್ತುತ್ತ, ಸುಳಿಯೊಂದು ಸೆಳೆದುಕೊಂಡಂತೆ ಹರಿಯುವ ಆ ಮೇಲ್ಮೈಯಲ್ಲಿ ಕಣ್ಣು ನಿಲ್ಲುವುದಕ್ಕೆ ಜಾಗವೇ ಸಿಗುವುದಿಲ್ಲ. ಇಷ್ಟನ್ನಾದರೂ ಓದುಗರಿಗೆ ಮೊದಲು ಕಾಣಿಸಬೇಕಿತ್ತು. ಚಿತ್ರವನ್ನು ನೋಡದವರೂ ಬರೆಯಬಹುದಾದ ವಾಕ್ಯಗಳೇ ನಿಮ್ಮ ಮೊದಲ ಎರಡು ಪುಟಗಳ ತುಂಬ ಇವೆ.

ಚಿತ್ರದಲ್ಲಿ ‘ಇಸ್ಲಾಮೀ ಜ್ಯಾಮಿತಿ’ ಇದೆ ಎನ್ನುತ್ತೀರಿ. ಎಲ್ಲಿದೆ ಎಂದು ತೋರಿಸುವುದಿಲ್ಲ. ತುರ್ಕಿಯ ಕೋನ್ಯಾ ನಗರದಲ್ಲಿ 1251ರಲ್ಲಿ ಕಟ್ಟಿದ ಕರಾತಾಯ್ ಮದರಸಾದ ಗುಮ್ಮಟದ ಒಳಮೈಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅಲ್ಲಿ ಬಣ್ಣದ ಮೆರುಗು ಹೆಂಚಿನ ಚೂರುಗಳಲ್ಲಿ ಹೆಣೆದ ನಕ್ಷತ್ರಗಳು ಕೈವಾರ ಮತ್ತು ಅಳತೆಪಟ್ಟಿಯ ಲೆಕ್ಕಕ್ಕೆ ಬದ್ಧವಾಗಿ ಮತ್ತೆ ಮತ್ತೆ ಬರುತ್ತವೆ. ಒಂದು ಭಾಗವನ್ನು ಕಂಡವರು ಮುಂದಿನ ಭಾಗವನ್ನು ಊಹಿಸಬಲ್ಲರು. ಝೈದ್ ಅವರ ಚಿತ್ರದಲ್ಲಿ ಅಂಥ ಪುನರಾವರ್ತನೆ ಇಲ್ಲ. ಒಂದು ಚೂರಿನಂತೆ ಇನ್ನೊಂದಿಲ್ಲ, ಎಡಬಲಗಳಲ್ಲಿ ಸಮತೆಯಿಲ್ಲ, ಮುಂದೇನು ಬರುತ್ತದೆಂದು ಊಹಿಸುವಂತೆಯೂ ಇಲ್ಲ. ಚೂರುಗಳ ನಡುವಿನ ಕಪ್ಪು ಗೆರೆಗಳನ್ನು ಕಂಡಾಗ ನನಗೆ ಮಸೀದಿಯ ಹೆಂಚಿಗಿಂತ ಯುರೋಪಿನ ಇಗರ್ಜಿಗಳ ಬಣ್ಣಗಾಜಿನ ಕಿಟಕಿಗಳೂ ಗಾಜನ್ನು ಹಿಡಿದಿಡುವ ಸೀಸದ ಪಟ್ಟಿಗಳೂ ಮೊದಲು ನೆನಪಾಗುತ್ತವೆ. ಹಾಗಾದರೆ ಹಳೆಯ ಪರಂಪರೆಯೊಂದಿಗೆ ನಂಟೇ ಇಲ್ಲವೇ? ಇದೆ ಎಂದೇ ನನ್ನ ಅನಿಸಿಕೆ, ಆದರೆ ಅದು ಬೇರೆಡೆ ಇದೆ: ಗುಮ್ಮಟದ ವಿನ್ಯಾಸದಂತೆ ಈ ಚಿತ್ರವೂ ಅಂಚಿನಲ್ಲಿ ಮುಗಿಯುವುದಿಲ್ಲ, ಚೌಕಟ್ಟಿನ ಆಚೆಗೂ ಹಬ್ಬಿರಬೇಕು ಎನಿಸುತ್ತದೆ. ಈ ಒಂದು ಎಳೆಯನ್ನು ಹಿಡಿದಿದ್ದರೆ ನಿಮ್ಮ ‘ಸಂಗಮ’ಕ್ಕೆ ಅರ್ಥ ಬರುತ್ತಿತ್ತು.

‘ಇಸ್ಲಾಂ ಚಿತ್ರಗಳನ್ನು ನಿಷೇಧಿಸಿದ್ದರಿಂದ ತುರ್ಕರು ಸಹಜವಾಗಿಯೇ ಅಮೂರ್ತಕ್ಕೆ ಒಲಿದರು’ ಎಂಬ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ. ತುರ್ಕರ ಒಟ್ಟೋಮನ್ ಸುಲ್ತಾನ ಎರಡನೆಯ ಮೆಹಮದ್ 1480ರ ಸುಮಾರಿಗೆ ವೆನಿಸ್ಸಿನ ಚಿತ್ರಕಾರ ಜೆಂಟೀಲೆ ಬೆಲ್ಲೀನಿಯಿಂದ ತನ್ನ ಭಾವಚಿತ್ರ ಬರೆಸಿಕೊಂಡನು; ಹದಿನೆಂಟನೆಯ ಶತಮಾನದಲ್ಲಿ ಆಸ್ಥಾನ ಚಿತ್ರಕಾರ ಲೆವ್ನೀ ರಾಜಕುಮಾರರ ಸುನ್ನತಿಯ ಉತ್ಸವವನ್ನು ಜನಜಂಗುಳಿ, ವಾದ್ಯಗಾರರ ಸಮೇತ ಪುಟಪುಟಗಳಲ್ಲಿ ಚಿತ್ರಿಸಿದನು. ಝೈದ್ ಕೂಡ 1940ರ ದಶಕದ ಮಧ್ಯದವರೆಗೆ ಮನುಷ್ಯರನ್ನೂ ಮನೆಯ ಒಳಾಂಗಣಗಳನ್ನೂ ಬರೆದವರು. ಅವರು ಓದಿದ್ದು ಇಸ್ತಾಂಬುಲ್ಲಿನ ಮಹಿಳಾ ಕಲಾಶಾಲೆಯಲ್ಲಿ, ಆಮೇಲೆ 1928ರಲ್ಲಿ ಪ್ಯಾರಿಸ್ಸಿನ ರಾನ್ಸನ್ ಅಕಾಡೆಮಿಯಲ್ಲಿ. ಅದೇ ವರ್ಷ ತುರ್ಕಿ ಗಣರಾಜ್ಯವು ಅರಬ್ಬಿ ಲಿಪಿಯನ್ನು ಬಿಟ್ಟು ಲ್ಯಾಟಿನ್ ಲಿಪಿಯನ್ನು ಅಂಗೀಕರಿಸಿತು. ಚಿಕ್ಕಂದಿನಲ್ಲಿ ಕಲಿತ ಅಕ್ಷರಗಳು ಇಡೀ ಒಂದು ಪೀಳಿಗೆಯ ದಿನಬಳಕೆಯಿಂದ ಮರೆಯಾದವು. ಪರಂಪರೆಯ ಬಗ್ಗೆ ಬರೆಯುವಾಗ ಇಂಥದ್ದು ನಿಮ್ಮ ಕಣ್ಣಿಗೆ ಬೀಳದೆ ಹೋದದ್ದು ನನಗೆ ಆಶ್ಚರ್ಯವೆನಿಸಿತು. ಅವರು ತಾವೇ ಕೊಟ್ಟ ವಿವರಣೆಯೂ ನಿಮ್ಮ ಲೇಖನದಲ್ಲಿಲ್ಲ: ವಿಮಾನದಿಂದ ಕೆಳಗೆ ನೋಡಿದಾಗ ಊರೂ ನೆಲವೂ ಬೇರೆಯೇ ಆಕಾರ ತಳೆದ ಆ ಅನುಭವವೇ ತಮ್ಮನ್ನು ಅಮೂರ್ತದತ್ತ ತಿರುಗಿಸಿತು ಎಂದು ಅವರು ಹೇಳಿಕೊಂಡಿದ್ದರು. ಕಲಾವಿದರ ಮಾತನ್ನು ಒಪ್ಪಲೇಬೇಕೆಂದಿಲ್ಲ, ಆದರೆ ಅದನ್ನು ಬದಿಗಿಟ್ಟು ‘ಪೂರ್ವದ ಆತ್ಮ’ ಎಂದು ಬರೆಯುವುದು ಸರಿಯಲ್ಲ. ಆ ಕಾಲದ ಪಾಶ್ಚಾತ್ಯ ವಿಮರ್ಶಕರಲ್ಲಿಯೂ ಹಲವರು ಅವರನ್ನು ಪೂರ್ವದ ರಾಜಕುಮಾರಿಯಾಗಿ ಕಂಡರೇ ಹೊರತು ಅವರ ಕೆಲಸವನ್ನು ಕೆಲಸವಾಗಿ ನೋಡಲಿಲ್ಲ. ನೀವೂ ಆ ವಿಮರ್ಶಕರ ಕನ್ನಡಕವನ್ನೇ ಎರವಲು ಪಡೆದಿದ್ದೀರಿ.

ಇನ್ನೊಂದು ತಪ್ಪು ಗಂಭೀರವಾದದ್ದು. ಇರಾಕಿನ ರಾಜಮನೆತನದ ಹತ್ಯಾಕಾಂಡದ ನೋವಿನಿಂದ ಈ ‘ನರಕ’ ಹುಟ್ಟಿತು ಎಂದಿದ್ದೀರಿ. ಹತ್ಯಾಕಾಂಡ ನಡೆದದ್ದು 1958ರ ಜುಲೈಯಲ್ಲಿ, ಚಿತ್ರ ಅದಕ್ಕಿಂತ ಏಳು ವರ್ಷ ಹಳೆಯದು. ಝೈದ್ ಅವರ ಪತಿ, ಅದೇ ರಾಜಮನೆತನದ ರಾಜಕುಮಾರ ಝೈದ್ ಬಿನ್ ಹುಸೇನ್ ಆಗ ಲಂಡನ್ನಿನಲ್ಲಿ ಇರಾಕಿನ ರಾಯಭಾರಿಯಾಗಿದ್ದರು. ದಂಪತಿಯ ಕುಟುಂಬ ಬದುಕುಳಿಯಿತು, ರಾಯಭಾರ ನಿವಾಸವನ್ನು ಮಾತ್ರ ತೆರವು ಮಾಡಬೇಕಾಯಿತು. ಆ ಆಘಾತ ಅವರ ಕಲೆಯಲ್ಲಿ ಕಾಣಿಸಿಕೊಂಡದ್ದು ಬೇರೆ ಬಗೆಯಲ್ಲಿ: ಐವತ್ತು ದಾಟಿದ ವಯಸ್ಸಿನಲ್ಲಿ ಮೊದಲ ಬಾರಿಗೆ ಅಡುಗೆಗೆ ಇಳಿದ ಅವರು ಕೋಳಿಯ ಮೂಳೆಗಳಿಗೆ ಬಣ್ಣ ಬಳಿಯತೊಡಗಿದರು, ಮುಂದೆ ಅವನ್ನು ರಾಳದಲ್ಲಿ ಅಚ್ಚು ಹಾಕಿ ಬೆಳಕು ಹಾಯುವ ಶಿಲ್ಪಗಳನ್ನಾಗಿಸಿದರು. ನೀವು ಊಹಿಸಿದ ಕಥೆಗಿಂತ ನಡೆದದ್ದೇ ಹೆಚ್ಚು ಸ್ವಾರಸ್ಯಕರವಾಗಿದೆ.

ಕೊನೆಯ ಪುಟದ ಗೋಳಗುಮ್ಮಟದ ಹೋಲಿಕೆಯನ್ನು ಬಿಡಿ. ಕನ್ನಡದ ಓದುಗರಿಗೆ ಹತ್ತಿರವಾಗಲೆಂದು ಅದನ್ನು ತಂದಿರೆಂದು ಬಲ್ಲೆ, ಆದರೆ ಹದಿನೇಳನೆಯ ಶತಮಾನದ ವಿಜಯಪುರಕ್ಕೂ ಈ ಚಿತ್ರಕ್ಕೂ ನೀವು ಕಟ್ಟಿದ ಸೇತುವೆಗೆ ಕಂಬಗಳಿಲ್ಲ.

ತಿದ್ದಿ ಕಳುಹಿಸುವ ಮನಸ್ಸಿದ್ದರೆ ಇಡೀ ಜೀವನಚರಿತ್ರೆ ಬೇಡ. ಚಿತ್ರದ ಸ್ಪಷ್ಟವಾದ ಪ್ರತಿಯೊಂದನ್ನು ಮುಂದಿಟ್ಟುಕೊಂಡು ಅದರ ಯಾವುದಾದರೂ ಒಂದು ಮೂಲೆಯನ್ನು ಅರ್ಧ ಗಂಟೆ ನೋಡಿ, ಕಂಡದ್ದನ್ನು ಒಂದು ಪುಟದಲ್ಲಿ ಬರೆದು, ಉಳಿದ ಲೇಖನವನ್ನು ಅಲ್ಲಿಂದ ಬೆಳೆಸಿ. ಸಾವಿರದ ಇನ್ನೂರು ಪದಗಳ ಒಳಗಿರಲಿ. ಬಂದ ಕೂಡಲೇ ನಾನೇ ಓದುತ್ತೇನೆ.

ವಿಶ್ವಾಸಪೂರ್ವಕ,
ಸಂಪಾದಕ