ಅಟೆಂಡೆನ್ಸ್ ಶಾರ್ಟೇಜ್ ಆಗಿದೆ, ಯಾರ ಹತ್ತಿರ ಹೋಗಲಿ?

ಪ್ರಶ್ನೆ: ನಾನು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನಲ್ಲಿ ಬಿಇ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಡೆಂಗಿ ಬಂದು ಅಡ್ಮಿಟ್ ಆಗಿದ್ದೆ, ಆಮೇಲೆ ಸುಸ್ತು ಅಂತ ಊರಲ್ಲೇ ಉಳಿದೆ. ಇದುವರೆಗೆ ಎರಡು ವಿಷಯಗಳಲ್ಲಿ ತಲಾ 50 ಕ್ಲಾಸ್ ಆಗಿವೆ. ಒಂದು ವಿಷಯದಲ್ಲಿ 39, ಇನ್ನೊಂದರಲ್ಲಿ 36 ಕ್ಲಾಸ್‌ಗೆ ಹೋಗಿದ್ದೇನೆ. ಮೇಡಂಗೆ ಫೋನಿನಲ್ಲಿ ಹೇಳಿದ್ದೆ. ಈಗ ಹಾಲ್ ಟಿಕೆಟ್ ಕೊಡಲ್ಲ ಅಂತಿದ್ದಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಏನು ಮಾಡಲಿ?
– ಹಾವೇರಿ ಜಿಲ್ಲೆಯ ವಿದ್ಯಾರ್ಥಿನಿ

ಉತ್ತರ: ಮೊದಲು ಮನೆಯಲ್ಲಿ ಹೇಳಮ್ಮ. ಕಾಯಿಲೆ ಬಿದ್ದಿದ್ದು ನಿನ್ನ ತಪ್ಪಲ್ಲ. ನಾಳೆ ಪ್ರಿನ್ಸಿಪಾಲರ ಮುಂದೆ ನಿಲ್ಲುವಾಗ ಅಪ್ಪನೋ ಅಮ್ಮನೋ ಪಕ್ಕದಲ್ಲಿದ್ದರೆ ನಿನಗೂ ಧೈರ್ಯ.

ಈಗ ಲೆಕ್ಕಕ್ಕೆ ಬರೋಣ. ವಿಟಿಯುನಲ್ಲಿ ಒಂದೊಂದು ವಿಷಯಕ್ಕೂ 85 ಪರ್ಸೆಂಟ್ ಹಾಜರಾತಿ ಬೇಕು. ಎಲ್ಲ ವಿಷಯ ಕೂಡಿಸಿ ಸರಾಸರಿ ತೆಗೆಯುವುದಿಲ್ಲ. ಕಾಯಿಲೆಯಂಥ ನಿಜವಾದ ಕಾರಣವಿದ್ದರೆ, ಪ್ರಿನ್ಸಿಪಾಲರು ಶಿಫಾರಸು ಮಾಡಿದ ಮೇಲೆ 10 ಪರ್ಸೆಂಟ್ ತನಕ ಮನ್ನಾ ಮಾಡುವ ಅಧಿಕಾರ ಕುಲಪತಿಗಳಿಗಿದೆ. ಅಂದರೆ 75 ಮುಟ್ಟಿದವರಿಗೆ ದಾರಿ ಇದೆ. ಅದಕ್ಕಿಂತ ಕೆಳಗಿದ್ದರೆ ಬಹಳ ಕಷ್ಟ. ನಿಮ್ಮದು ಅಟಾನಮಸ್ (ಸ್ವಾಯತ್ತ) ಕಾಲೇಜಾದರೆ ಅವರದೇ ನಿಯಮದ ಪುಸ್ತಕ ಇರುತ್ತದೆ, ಅದನ್ನೂ ತೆಗೆದು ನೋಡು.

ನಿನ್ನದು ಒಂದರಲ್ಲಿ 78 ಪರ್ಸೆಂಟ್, ಇನ್ನೊಂದರಲ್ಲಿ 72. ಮೊದಲನೆಯದಕ್ಕೆ ಮನ್ನಾ ಕೇಳಬಹುದು. ಎರಡನೆಯದು ಮುಗಿದ ಕಥೆ ಅಂತ ಕೈಚೆಲ್ಲಬೇಡ. ಸೆಮಿಸ್ಟರ್ ಮುಗಿಯುವುದರೊಳಗೆ ಆ ವಿಷಯದ ಇನ್ನು 10 ಕ್ಲಾಸ್ ನಡೆದು, ನೀನು ಹತ್ತಕ್ಕೂ ಹೋದೆ ಅಂತಿಟ್ಟುಕೋ. ಆಗ 60ಕ್ಕೆ 46 ಆಗುತ್ತದೆ, ಹೆಚ್ಚುಕಮ್ಮಿ 76.7 ಪರ್ಸೆಂಟ್. ಎರಡು ತಪ್ಪಿಸಿದರೂ 73.3ಕ್ಕೆ ಇಳಿದು ದಾರಿ ಮುಚ್ಚುತ್ತದೆ. ಆದ್ದರಿಂದ ಇವತ್ತೇ ಎಚ್‌ಒಡಿ (ವಿಭಾಗದ ಮುಖ್ಯಸ್ಥರ) ಹತ್ತಿರ ಹೋಗಿ ಎಷ್ಟು ಕ್ಲಾಸ್ ಬಾಕಿ ಇವೆ ಅಂತ ಕೇಳು. ರಿಜಿಸ್ಟರಿನಲ್ಲಿ ನಿನ್ನ ಹೆಸರಿನ ಸಾಲನ್ನು ಕಣ್ಣಾರೆ ನೋಡು. ಲ್ಯಾಬ್‌ಗೆ ಹೋಗಿದ್ದ ದಿನವೂ ಗೈರು ಅಂತ ಬಿದ್ದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಅರ್ಜಿ. ಮಕ್ಕಳು ಎಡವುವುದು ಇಲ್ಲೇ. ಫೋನಿನಲ್ಲಿ ಹೇಳಿದ್ದು ಕಡತಕ್ಕೆ ಸೇರುವುದಿಲ್ಲ. ಒಂದು ಬಿಳಿ ಹಾಳೆಯಲ್ಲಿ ಹೆಸರು, ಯುಎಸ್‌ಎನ್ (ವಿಟಿಯು ಕೊಟ್ಟ ನಿನ್ನ ನೋಂದಣಿ ಸಂಖ್ಯೆ), ಎರಡು ವಿಷಯಗಳ ಕೋಡ್, ಆಸ್ಪತ್ರೆಗೆ ಸೇರಿದ ತಾರೀಖು, ಬಿಡುಗಡೆಯಾದ ತಾರೀಖು, ಕ್ಲಾಸಿಗೆ ಮರಳಿದ ತಾರೀಖು ಬರೆ. ಉದ್ದುದ್ದ ಕಥೆ ಬೇಡ. ಜೊತೆಗೆ ಡಿಸ್ಚಾರ್ಜ್ ಸಮ್ಮರಿ, ಪ್ಲೇಟ್‌ಲೆಟ್ ಕೌಂಟ್ ಇರುವ ಲ್ಯಾಬ್ ರಿಪೋರ್ಟ್, ವಿಶ್ರಾಂತಿ ಬೇಕು ಅಂತ ಡಾಕ್ಟರ್ ಬರೆದುಕೊಟ್ಟ ಚೀಟಿ ಇಡು. ತಾರೀಖು ತಾಳೆಯಾಗುವ ಲ್ಯಾಬ್ ರಿಪೋರ್ಟಿಗೆ ಇರುವ ಬೆಲೆ, ಆಮೇಲೆ ಬರೆಸಿಕೊಂಡ ಮೆಡಿಕಲ್ ಸರ್ಟಿಫಿಕೇಟಿಗೆ ಇರುವುದಿಲ್ಲ. ಎರಡು ಪ್ರತಿ ಮಾಡಿಸು. ಒಂದನ್ನು ಆಫೀಸಿನ ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಬಾ. ‘ಅರ್ಜಿ ಬಂದೇ ಇಲ್ಲ’ ಅಂತ ಯಾರಾದರೂ ಅಂದರೆ ತೋರಿಸಲು ಆ ಸೀಲು ಬೇಕೇ ಬೇಕು.

ಪ್ರಶ್ನೆ: ಮಗ ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಬಿಎ ಓದುತ್ತಾನೆ. ಇಂಟರ್ನಲ್ ಮಾರ್ಕ್ಸ್‌ನಲ್ಲಿ ಒಬ್ಬ ಲೆಕ್ಚರರ್ ಭೇದ ಮಾಡುತ್ತಾರೆ ಅಂತ ಅವನ ದೂರು. ಪ್ರಿನ್ಸಿಪಾಲರು ‘ನೋಡೋಣ’ ಅಂದು ಕಳಿಸಿದರು. ಅವರಿಗಿಂತ ಮೇಲೆ ಯಾರಾದರೂ ಇದ್ದಾರಾ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಇದ್ದಾರೆ ತಾಯಿ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2023ರಲ್ಲಿ ಇದಕ್ಕೆಂದೇ ನಿಯಮ ತಂದಿದೆ. ಅದರ ಪ್ರಕಾರ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದರಲ್ಲಿ ವಿದ್ಯಾರ್ಥಿಗಳ ಪ್ರತಿನಿಧಿಯೂ ಇರುತ್ತಾರೆ, ಮಹಿಳೆಯೊಬ್ಬರು ಇರಲೇಬೇಕು, ಎಸ್‌ಸಿ, ಎಸ್‌ಟಿ ಅಥವಾ ಹಿಂದುಳಿದ ವರ್ಗದವರೊಬ್ಬರು ಇರಲೇಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಅದು ಸಮಾಧಾನ ತರದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳುವವರು) ಮೇಲ್ಮನವಿ ಹಾಕಬಹುದು. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕರು ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರನ್ನು ಆ ಜಾಗಕ್ಕೆ ನೇಮಿಸುತ್ತಾರೆ.

ಆದರೆ ಒಂದು ಮಾತು ಗಮನದಲ್ಲಿರಲಿ. ‘ಮಾರ್ಕ್ಸ್ ಕಡಿಮೆ ಬಂತು, ಮತ್ತೆ ನೋಡಿ’ ಅಂತ ಹೋದರೆ ಒಂಬುಡ್ಸ್‌ಪರ್ಸನ್ ತೆಗೆದುಕೊಳ್ಳುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ಅಕ್ರಮ ಅಥವಾ ಭೇದಭಾವ ನಡೆದಿದೆ ಅಂತ ನಿರ್ದಿಷ್ಟವಾಗಿ ತೋರಿಸಬೇಕು. ಹಾಗಾಗಿ ದೂರಿನಲ್ಲಿ ‘ಅವರು ಸರಿಯಿಲ್ಲ’ ಅಂತ ಬರೆದರೆ ಸಾಲದು. ‘ಮೊದಲ ಟೆಸ್ಟಿನಲ್ಲಿ ನನಗೆ ಇಷ್ಟು ಮಾರ್ಕ್ಸ್ ಬಂದಿತ್ತು, ಉತ್ತರ ಪತ್ರಿಕೆ ನನ್ನ ಹತ್ತಿರವಿದೆ, ಪಟ್ಟಿಯಲ್ಲಿ ಬೇರೆ ಅಂಕಿ ಇದೆ’ ಅಂತ ಬರೆಯಲಿ. ಟೆಸ್ಟ್ ಪೇಪರ್, ಅಸೈನ್‌ಮೆಂಟ್ ಎಲ್ಲ ಒಂದು ಫೈಲಿನಲ್ಲಿ ಜೋಪಾನವಾಗಿರಲಿ. ದೂರನ್ನು ಮಗನೇ ತನ್ನ ಹೆಸರಿನಲ್ಲಿ ಕೊಡಲಿ, ನೀವು ಜೊತೆಗಿರಿ. ಮಾಸ್ತರರ ವಿರುದ್ಧ ದೂರು ಕೊಟ್ಟರೆ ಸೇಡು ತೀರಿಸಿಕೊಳ್ಳುತ್ತಾರೆ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಬಾಯಿಮಾತಿನ ದೂರಿಗಿಂತ, ಸಮಿತಿಯ ಮುಂದೆ ದಾಖಲಾದ ದೂರು ಹುಡುಗನನ್ನು ಜಾಸ್ತಿ ಕಾಪಾಡುತ್ತದೆ.

ಪ್ರಶ್ನೆ: ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಬ್ಯಾಕ್‌ಲಾಗ್ ಆದ (ವಿಷಯ ಫೇಲಾಗಿ ಬಾಕಿ ಉಳಿದ) ಮೇಲೆ ಊಟ ಬಿಟ್ಟಿದ್ದಾನೆ, ರಾತ್ರಿಯೆಲ್ಲ ಎದ್ದಿರುತ್ತಾನೆ. ‘ನಾನಿದ್ದು ಏನು ಪ್ರಯೋಜನ’ ಅಂತಾನೆ. ಯಾರಿಗೂ ಹೇಳಬೇಡ ಅಂದಿದ್ದಾನೆ.
– ಮೈಸೂರಿನ ಓದುಗ

ಉತ್ತರ: ಆ ಮಾತನ್ನು ಗುಟ್ಟಾಗಿ ಇಟ್ಟುಕೊಳ್ಳಬೇಡಪ್ಪ. ಇವತ್ತೇ ವಾರ್ಡನ್‌ಗೆ ಅಥವಾ ಅವನು ನಂಬುವ ಮೇಷ್ಟರಿಗೆ ಹೇಳು. ರಾತ್ರಿಯಾಗಿದ್ದರೆ ಅವನ ಪಕ್ಕದಲ್ಲೇ ಕೂತು 14416ಕ್ಕೆ ಫೋನ್ ಮಾಡು. ಅದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲೂ ರಾತ್ರಿಯೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವನು ಮಾತಾಡಲು ಒಪ್ಪದಿದ್ದರೂ ನೀನು ಮಾತಾಡು, ಏನು ಮಾಡಬೇಕು ಅಂತ ಅವರು ಹೇಳುತ್ತಾರೆ. ‘ನಿನಗೆ ಸಾಯಬೇಕು ಅನ್ನಿಸುತ್ತಿದೆಯಾ?’ ಅಂತ ನೇರವಾಗಿ ಕೇಳಲು ಹಿಂಜರಿಯಬೇಡ. ಹಾಗೆ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಜಾಗ ಸಿಗುತ್ತದೆ. ಹೌದು ಅಂದರೆ ಅವನನ್ನು ಒಂಟಿಯಾಗಿ ಬಿಡಬೇಡ. ಅಪಾಯ ಕಂಡರೆ 112ಕ್ಕೆ ಫೋನ್ ಮಾಡು, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಬ್ಯಾಕ್‌ಲಾಗ್ ಮುಂದಿನ ಪರೀಕ್ಷೆಯಲ್ಲಿ ಕಟ್ಟಬಹುದು. ಆ ಮಾತನ್ನು ಅವನು ಊಟ, ನಿದ್ದೆ ಸರಿಮಾಡಿಕೊಂಡ ಮೇಲೆ ಹೇಳು. ಈಗ ಅವನ ಮನೆಯವರ ನಂಬರ್ ವಾರ್ಡನ್ ಹತ್ತಿರ ಇದೆಯಾ ಅಂತ ನೋಡು.