112 ಅರ್ಜಿ, ಉತ್ತರ ಎರಡೇ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದ್ದು: ಬೇಸಿಗೆ ಇಂಟರ್ನ್‌ಶಿಪ್. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇದೊಂದನ್ನೇ ಹಿಡಿದುಕೊಂಡಿದ್ದೇನೆ. ಪತ್ರಗಳನ್ನು ಚೂರು ಮೊಟಕು ಮಾಡಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಮೂರನೇ ವರ್ಷದಲ್ಲಿದ್ದೇನೆ. ಜನವರಿಯಿಂದ ಇವತ್ತಿನವರೆಗೆ 112 ಕಡೆ ಅರ್ಜಿ ಹಾಕಿದ್ದೇನೆ. ಎಕ್ಸೆಲ್ ಶೀಟ್‌ನಲ್ಲಿ ಲೆಕ್ಕ ಇದೆ. ಉತ್ತರ ಬಂದದ್ದು ಎರಡೇ, ಎರಡೂ ‘ಕ್ಷಮಿಸಿ’. ಅಂಕ ಚೆನ್ನಾಗಿಯೇ ಇವೆ. ನೀರಿನ ಟ್ಯಾಂಕಿನ ಪ್ರಾಜೆಕ್ಟ್ ಒಂದಕ್ಕೇ ಎರಡು ತಿಂಗಳು ತಿಣುಕಾಡಿದ್ದೇನೆ, ಸೆನ್ಸರ್‌ನ 5 ವೋಲ್ಟ್ ನೇರ ಕೊಟ್ಟು ಒಂದು ಬೋರ್ಡ್ ಕೂಡ ಹಾಳು ಮಾಡಿಕೊಂಡೆ. ರೆಸ್ಯೂಮೆ ಜೊತೆಗಿಟ್ಟಿದ್ದೇನೆ. ನನ್ನಲ್ಲಿ ಏನು ಕಮ್ಮಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ನೀವು ಕಳಿಸಿದ ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ನಾನು ಮಾಡಿ ನೋಡಿದೆ. ಎಡಗಡೆ ಕಾಲಮ್ಮಿನ ‘ಸಿ, ಪೈಥಾನ್, ಮ್ಯಾಟ್‌ಲ್ಯಾಬ್’ ಬಲಗಡೆಯ ಪ್ರಾಜೆಕ್ಟ್ ವಾಕ್ಯದ ನಡುವೆ ಹೋಗಿ ಕೂತಿದೆ. ಫೋನ್ ನಂಬರನ್ನು ಚಿತ್ರದೊಳಗೆ ಹಾಕಿದ್ದೀರಿ, ಅದು ಬರಲೇ ಇಲ್ಲ. ಪೈಥಾನ್ ಮುಂದೆ ನೀವೇ ಕೊಟ್ಟುಕೊಂಡ ನಾಲ್ಕು ನಕ್ಷತ್ರ ಖಾಲಿ ಚೌಕಗಳಾಗಿವೆ. (ನಕ್ಷತ್ರ ಯಾಕೆ ಬೇಕು? ಐದನೆಯದನ್ನು ಯಾರು ಕಿತ್ತುಕೊಂಡರು ಅಂತ ಓದುವವರಿಗೆ ಅನ್ನಿಸುತ್ತದೆ ಅಷ್ಟೇ.)

ದೊಡ್ಡ ಕಂಪನಿಗಳಲ್ಲಿ ಅರ್ಜಿ ಮೊದಲು ಬೀಳುವುದು ಎಟಿಎಸ್ ಎಂಬ ಸಾಫ್ಟ್‌ವೇರ್ ಕೈಗೆ. ಅದು ಪಿಡಿಎಫ್‌ನಿಂದ ಅಕ್ಷರ ಎತ್ತಿಕೊಂಡು ಹೆಸರು, ಕಾಲೇಜು, ಕೌಶಲ ಅಂತ ಖಾನೆಗಳಿಗೆ ತುಂಬುತ್ತದೆ, ಆಮೇಲೆ ನೇಮಕದವರು ಬೇಕಾದ ಪದ ಹೊಡೆದು ಹುಡುಕುತ್ತಾರೆ. ಎಟಿಎಸ್ ತಾನೇ ತೀರ್ಪು ಕೊಟ್ಟು ನಿಮ್ಮನ್ನು ಆಚೆ ಹಾಕುತ್ತದೆ ಅಂತ ಹೇಳುವವರಿದ್ದಾರೆ, ಎಷ್ಟೋ ಕಡೆ ಅದು ಬರೀ ಒಂದು ಬೀರು. ಆದರೆ ಬೀರುವಿನಲ್ಲಿ ಹಾಳೆ ಕಲಸಿಹೋದ ಫೈಲ್ ಯಾರ ಕೈಗೂ ಸಿಗುವುದಿಲ್ಲ ಅಲ್ವಾ? ಒಂದೇ ಕಾಲಮ್, ಒಂದೇ ಪುಟ, ಸಾದಾ ಅಕ್ಷರ. ನೋಡಲು ಚಪ್ಪೆ ಅನ್ನಿಸಿದರೂ ಪರವಾಗಿಲ್ಲ.

ಇನ್ನೊಂದು, ನೀವು ಶುರು ಮಾಡಿದ್ದೇ ತಡ. ದೊಡ್ಡ ಕಂಪನಿಗಳಲ್ಲಿ ಬಹಳಷ್ಟು ಹಿಂದಿನ ವರ್ಷದ ಆಗಸ್ಟ್‌ನಿಂದ ಅಕ್ಟೋಬರ್ ಒಳಗೇ ಮುಂದಿನ ಬೇಸಿಗೆಯ ಅರ್ಜಿ ಕರೆಯುತ್ತವೆ, ಕೊನೆಯ ದಿನದವರೆಗೂ ಕಾಯದೆ ಬಂದಬಂದ ಹಾಗೆ ಸೀಟು ತುಂಬುತ್ತಾ ಹೋಗುತ್ತವೆ. ನಿಮ್ಮ ಶೀಟಿನಲ್ಲಿರುವ ದೊಡ್ಡ ಹೆಸರುಗಳಿಗೆಲ್ಲ ನೀವು ಹಾಕಿದ್ದು ಫೆಬ್ರವರಿಯಲ್ಲಿ. ಅವುಗಳ ಮೌನವನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಸಣ್ಣ ಕಂಪನಿಗಳ ಕಥೆ ಬೇರೆ. ಅವರಿಗೆ ಬೇಸಿಗೆ ನೆನಪಾಗುವುದೇ ಒಂದೆರಡು ತಿಂಗಳು ಮುಂಚೆ, ಅಂದರೆ ಈಗ.

ಈಗ ಆ ಟ್ಯಾಂಕಿಗೆ ಬರೋಣ. ರೆಸ್ಯೂಮೆಯಲ್ಲಿ ಆರು ಪ್ರಾಜೆಕ್ಟ್ ಇವೆ, ಆರಕ್ಕೂ ಒಂದೊಂದೇ ಸಾಲು. ಮೂರನೆಯದು ‘ಇಎಸ್‌ಪಿ32 ಬಳಸಿ ಸ್ಮಾರ್ಟ್ ನೀರಿನ ಮಟ್ಟ ಮಾಪಕ’. (ಇಎಸ್‌ಪಿ32 ಅಂದರೆ ಒಂದು ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್.) ಇದೇ ಸಾಲು ಇನ್ನೆಷ್ಟೋ ಜನರ ರೆಸ್ಯೂಮೆಯಲ್ಲೂ ಇರುತ್ತದೆ, ಓದುವವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಬೋರ್ಡ್ ಹಾಳಾದ ಸಂಗತಿಯನ್ನು ನನಗೆ ಬರೆದಿದ್ದೀರಿ, ರೆಸ್ಯೂಮೆಯಲ್ಲಿ ಮುಚ್ಚಿಟ್ಟಿದ್ದೀರಿ. ಯಾಕೆ? ಶಬ್ದ ಕಳಿಸಿ ಅದು ಮರಳುವ ಸಮಯದಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್‌ನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಇಎಸ್‌ಪಿ32ರ ಪಿನ್ 3.3 ವೋಲ್ಟ್‌ನದು, ನಡುವೆ 1 ಕಿಲೋ ಓಮ್ ಮತ್ತು 2 ಕಿಲೋ ಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿದರೆ (ಇದಕ್ಕೇ ಡಿವೈಡರ್ ಅನ್ನುವುದು) ಸರಿಹೋಗುತ್ತದೆ. ನೀವೂ ಕೊನೆಗೆ ಇಂಥದ್ದೇ ಏನೋ ಮಾಡಿರುತ್ತೀರಿ. ‘ಸೆನ್ಸರ್‌ನ 5 ವೋಲ್ಟ್ ಸಿಗ್ನಲ್‌ನಿಂದ ಒಂದು ಬೋರ್ಡ್ ಹಾಳಾಯಿತು, ಡಿವೈಡರ್ ಹಾಕಿ ಸರಿಪಡಿಸಿದೆ’ ಅಂತ ಬರೆಯಿರಿ. ಹಾರ್ಡ್‌ವೇರ್ ಜನ ಆ ಸಾಲು ಓದಿ ಒಳಗೊಳಗೇ ನಗುತ್ತಾರೆ, ಯಾಕೆಂದರೆ ಅವರೂ ಹಾಳು ಮಾಡಿದವರೇ. ಕರೆ ಬರುವುದು ಅಂಥ ಸಾಲಿಗೆ.

ಕರೆ ಬಂದ ಮೇಲೆ ಅದೇ ಸಾಲನ್ನು ಹಿಡಿದು ಎಳೆಯುತ್ತಾರೆ. ಬಿಸಿಲಿನಲ್ಲಿ ಮಾಪಕದ ಅಳತೆ ಸರಿ ಬರುತ್ತದಾ ಅಂತ ಕೇಳಬಹುದು. 20 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಒಂದೊಂದು ಡಿಗ್ರಿಗೂ 0.6 ಮೀಟರ್‌ನಷ್ಟು ಏರುತ್ತದೆ. ಟ್ಯಾಂಕಿನೊಳಗೆ 35 ಡಿಗ್ರಿ ಆಯಿತು ಅನ್ನಿ, ನಿಮ್ಮ ಕೋಡ್‌ನಲ್ಲಿ ಇನ್ನೂ 343 ಅಂತಲೇ ಇದ್ದರೆ 1 ಮೀಟರ್ ಕೆಳಗಿರುವ ನೀರು ಎರಡೂವರೆ ಸೆಂಟಿಮೀಟರ್ ಮೇಲಿದ್ದಂತೆ ತೋರಿಸುತ್ತದೆ. ಇದನ್ನು ನೀವೇ ಒಮ್ಮೆ ಅಳೆದು ನೋಡಿದ್ದರೆ ಆ ಒಂದು ಪ್ರಾಜೆಕ್ಟ್ ಮೇಲೆ ಹತ್ತು ನಿಮಿಷ ಮಾತಾಡಬಹುದು. ಉಳಿದ ಐದರಲ್ಲಿ ಹತ್ತು ನಿಮಿಷ ಮಾತಾಡಲು ಬರುವ ಇನ್ನೊಂದನ್ನು ಇಟ್ಟುಕೊಳ್ಳಿ, ನಾಲ್ಕನ್ನು ತೆಗೆದುಹಾಕಿ. ನಿಮಗೆ ಹೊಟ್ಟೆ ಉರಿಯುತ್ತದೆ, ಗೊತ್ತು.

112 ಅನ್ನುವ ಸಂಖ್ಯೆಯನ್ನೂ ಮರೆತುಬಿಡಿ. ಒಂದೇ ರೆಸ್ಯೂಮೆಯನ್ನು ಬಟನ್ ಒತ್ತೊತ್ತಿ ಕಳಿಸುವುದು ಅರ್ಜಿ ಹಾಕಿದಂತಲ್ಲ, ಬೆರಳಿಗೆ ವ್ಯಾಯಾಮ. ಹದಿನೈದು ಸಣ್ಣ ಕಂಪನಿ ಆರಿಸಿ. ಅವರು ಏನು ತಯಾರಿಸುತ್ತಾರೆ ಅಂತ ಅರ್ಧ ಗಂಟೆ ಓದಿ, ಅದಕ್ಕೆ ಹೊಂದುವ ಪ್ರಾಜೆಕ್ಟನ್ನು ಮೇಲಕ್ಕೆ ತನ್ನಿ, ಇವೆರಡಕ್ಕೂ ಇರುವ ನಂಟನ್ನು ಮೇಲ್‌ನಲ್ಲಿ ಎರಡು ಸಾಲು ಬರೆಯಿರಿ.

ಪ್ರಶ್ನೆ: ಮೆಕ್ಯಾನಿಕಲ್, ಎರಡನೇ ವರ್ಷ. ಸಂಶೋಧನಾ ಇಂಟರ್ನ್‌ಶಿಪ್‌ಗಾಗಿ 60 ಪ್ರೊಫೆಸರ್‌ಗಳಿಗೆ ಮೇಲ್ ಮಾಡಿದೆ. ಒಬ್ಬರೂ ಉತ್ತರಿಸಿಲ್ಲ. ನಮ್ಮಂಥವರ ಮೇಲ್ ಅವರು ಓದುವುದೇ ಇಲ್ಲವೇ?

ಉತ್ತರ: ನಿಮ್ಮ ಮೇಲ್‌ನ ನಕಲು ನೋಡಿದೆ. ‘ಗೌರವಾನ್ವಿತ ಸರ್/ಮೇಡಂ, ನಿಮ್ಮ ಮಹತ್ವದ ಸಂಶೋಧನೆಯಿಂದ ತುಂಬಾ ಪ್ರಭಾವಿತನಾಗಿದ್ದೇನೆ.’ ಯಾವ ಸಂಶೋಧನೆ? ಸರ್ ಆ ಮೇಡಂ ಆ ಅನ್ನುವುದನ್ನೇ ನೀವು ನೋಡಿಲ್ಲ ಅಂತ ಮೊದಲ ಸಾಲಿನಲ್ಲೇ ಒಪ್ಪಿಕೊಂಡಿದ್ದೀರಿ. ಅವರು ಓದುತ್ತಾರೆ, ಅಲ್ಲಿಯವರೆಗೆ ಓದುತ್ತಾರೆ.

ಎಂಟು ಜನರನ್ನು ಆರಿಸಿ ಸಾಕು. ಒಬ್ಬೊಬ್ಬರದೂ ಇತ್ತೀಚಿನ ಒಂದು ಪೇಪರ್ ತೆಗೆದು ಚಿತ್ರಗಳು ಮತ್ತು ಕೊನೆಯ ಭಾಗವನ್ನಾದರೂ ನಿಧಾನವಾಗಿ ಓದಿ. ಪೂರ್ತಿ ಅರ್ಥವಾಗಲ್ಲ, ಎರಡನೇ ವರ್ಷದಲ್ಲಿ ಆಗಬೇಕಾಗಿಯೂ ಇಲ್ಲ. ಒಂದು ನಿಜವಾದ ಪ್ರಶ್ನೆ ಹುಟ್ಟಿದರೆ ಆಯಿತು. ನೀವು ಎಫ್‌ಇಎ (ಒಂದು ಭಾಗವನ್ನು ಕಂಪ್ಯೂಟರ್‌ನಲ್ಲಿ ಸಣ್ಣ ತುಂಡುಗಳಾಗಿ ಒಡೆದು ಅದರೊಳಗಿನ ಸ್ಟ್ರೆಸ್, ಅಂದರೆ ಒತ್ತಡ, ಲೆಕ್ಕ ಹಾಕುವ ವಿಧಾನ) ಕಲಿಯುತ್ತಿದ್ದೇನೆ ಅಂದಿದ್ದೀರಿ. ಚೂಪಾದ ಒಳಮೂಲೆ ಇರುವ ಬ್ರಾಕೆಟ್ ಒಂದಕ್ಕೆ ನೀವೇ ಮೆಶ್ (ಆ ತುಂಡುಗಳ ಬಲೆ) ಹಾಕಿ ನೋಡಿ. ಮೆಶ್ ಸಣ್ಣದು ಮಾಡಿದಷ್ಟೂ ಆ ಮೂಲೆಯ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಮೂಲೆಗೆ ಸಣ್ಣ ಫಿಲೆಟ್ ಕೊಟ್ಟು ದುಂಡಗೆ ಮಾಡಿದರೆ ಒಂದು ಬೆಲೆಗೆ ಬಂದು ನಿಲ್ಲುತ್ತದೆ. ಎರಡನ್ನೂ ಮಾಡಿ ನೋಡಿ, ‘ನಿಮ್ಮ ಪೇಪರಿನ ಇಂಥ ಚಿತ್ರದಲ್ಲಿ ಮೂಲೆಯನ್ನು ಹೇಗೆ ತೆಗೆದುಕೊಂಡಿದ್ದೀರಿ, ನಾನು ಮಾಡಿದಾಗ ಹೀಗೆ ಬಂತು’ ಅಂತ ಗ್ರಾಫ್ ಸಮೇತ ಬರೆದವರು ಕಮ್ಮಿ. ಅಂಥ ಮೇಲ್‌ಗೆ ‘ಜಾಗ ಇಲ್ಲ, ಆದರೆ ಇವರನ್ನು ಕೇಳಿ ನೋಡು’ ಅನ್ನುವ ಉತ್ತರವಾದರೂ ಬರುವ ಸಾಧ್ಯತೆ ಜಾಸ್ತಿ.

ಮೇಲ್ ಉದ್ದ ಬೇಡ, ಫೋನಿನಲ್ಲಿ ಒಂದು ಪರದೆಗೆ ಹಿಡಿಸಲಿ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಬಿಡುವಿದೆ ಅಂತ ಸ್ಪಷ್ಟವಾಗಿ ಬರೆಯಿರಿ. ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಒಮ್ಮೆ ಮಾತ್ರ. ಮತ್ತೆ ದಯವಿಟ್ಟು 60 ವಿಳಾಸಗಳನ್ನೂ ಒಟ್ಟಿಗೆ ಒಂದೇ ಸಾಲಿನಲ್ಲಿ ಹಾಕಬೇಡಿ. ಅವರಲ್ಲಿ ಅರ್ಧ ಜನ ಅಕ್ಕಪಕ್ಕದ ಕೋಣೆಯಲ್ಲಿ ಕೂರುವವರು.

ಅಂದ ಹಾಗೆ, ಜಿನೀವಾ ಬಳಿಯ ಕಣ ಭೌತಶಾಸ್ತ್ರದ ಪ್ರಯೋಗಾಲಯ ಸರ್ನ್‌ನ ಬೇಸಿಗೆ ವಿದ್ಯಾರ್ಥಿ ಯೋಜನೆ ಬಗ್ಗೆಯೂ ಕೇಳಿದ್ದೀರಿ. ಅಲ್ಲಿ ಎಂಜಿನಿಯರಿಂಗ್‌ನವರಿಗೂ ಜಾಗ ಇದೆ, ಆದರೆ ಮೂರು ವರ್ಷದ ಪದವಿ ಓದು ಮುಗಿದಿರಬೇಕು. ನಿಮಗೆ ಇನ್ನೂ ಸಮಯವಿದೆ.

ಪ್ರಶ್ನೆ: ಒಂದು ಕಡೆ ಆಯ್ಕೆಯಾಗಿದ್ದೇನೆ. ‘ತರಬೇತಿ ಮತ್ತು ಸರ್ಟಿಫಿಕೇಟ್ ಶುಲ್ಕ’ ಮೊದಲು ಕಟ್ಟಬೇಕಂತೆ. ಇಂಟರ್ನ್‌ಶಿಪ್ ಅಂದರೆ ಕಲಿಯುವುದು ತಾನೇ, ಕಟ್ಟಿದರೆ ತಪ್ಪೇನು?

ಉತ್ತರ: ಕಟ್ಟಬೇಡಿ. ಕೋರ್ಸ್ ಬೇಕಿದ್ದರೆ ಕೋರ್ಸ್ ಅಂತ ಹೇಳಿಯೇ ಮಾರುವವರ ಹತ್ತಿರ ಕೊಳ್ಳಿ. ಓದಿನ ನಡುವೆ ಕೆಲಸಕ್ಕೆ ಹೋಗುವ ಕೋ-ಆಪ್ ಪದ್ಧತಿಯನ್ನು ಹರ್ಮನ್ ಷ್ನೈಡರ್ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ 27 ಎಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಶುರು ಮಾಡಿದರು. ಒಂದು ವಾರ ತರಗತಿ, ಒಂದು ವಾರ ಕಾರ್ಖಾನೆ. ಆ ಹುಡುಗರಿಗೆ ಕಾರ್ಖಾನೆಯವರು ಕೂಲಿ ಕೊಡುತ್ತಿದ್ದರು. ಅವತ್ತಿನಿಂದಲೂ ದುಡ್ಡು ಹರಿಯುವ ದಿಕ್ಕು ಅದೇ. ಇಂಟರ್ವ್ಯೂ ಇಲ್ಲದೆ ಆಯ್ಕೆ, ಇವತ್ತೇ ಕಟ್ಟಿ ಅನ್ನುವ ಅವಸರ, ಯಾರ ಕೈಕೆಳಗೆ ಕೆಲಸ ಅಂತ ಕೇಳಿದರೆ ಜಾರಿಕೊಳ್ಳುವುದು: ಇವುಗಳಲ್ಲಿ ಎಷ್ಟು ನಿಮಗೆ ಎದುರಾಗಿವೆ, ಲೆಕ್ಕ ಹಾಕಿ.

ಪ್ರಶ್ನೆ: ಗೆಳತಿಗೆ ಅವಳ ಸೀನಿಯರ್ ಹೇಳಿ ಕೊಡಿಸಿದರು. ನಾನೂ ಹಾಗೆ ಕೇಳಬಹುದಾ? ನಾಚಿಕೆಯಾಗುತ್ತದೆ.

ಉತ್ತರ: ಕೇಳಿ. ‘ಕೆಲಸ ಕೊಡಿಸಿ’ ಅಂತ ಬೇಡ, ‘ನಿಮ್ಮ ತಂಡದಲ್ಲಿ ಇಂಟರ್ನ್‌ಗಳಿಗೆ ಏನು ಕೆಲಸ ಕೊಡುತ್ತಾರೆ’ ಅಂತ ಕೇಳಿ. ರೆಫರಲ್‌ನಿಂದ ಅರ್ಜಿ ಒಬ್ಬ ಮನುಷ್ಯನ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಇಂಟರ್ವ್ಯೂನಲ್ಲಿ ನಿಮ್ಮ ಬದಲು ಆ ಸೀನಿಯರ್ ಬಂದು ಕೂರುವುದಿಲ್ಲ.

ಪ್ರಶ್ನೆ: ಏಪ್ರಿಲ್ ಬಂತು, ಎಲ್ಲೂ ಸಿಕ್ಕಿಲ್ಲ. ಗೂಗಲ್ ಸಮ್ಮರ್ ಆಫ್ ಕೋಡ್ ಕೂಡ ಕೈತಪ್ಪಿತು. ಈ ಬೇಸಿಗೆ ಹೋದಂತೆಯೇ?

ಉತ್ತರ: ಕೈತಪ್ಪಿದ್ದು ಈ ವರ್ಷದ್ದು. ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ, ಪ್ರಾಜೆಕ್ಟುಗಳಲ್ಲಿ ಹೊಸಬರಿಗೆ ಕೆಲಸ ಕೊಡುವ ಈ ಗೂಗಲ್ ಯೋಜನೆ 2005ರಿಂದ ಪ್ರತಿ ವರ್ಷ ನಡೆಯುತ್ತಿದೆ, 2022ರಿಂದ ವಿದ್ಯಾರ್ಥಿಗಳೇ ಆಗಿರಬೇಕು ಅನ್ನುವ ನಿಯಮವೂ ಇಲ್ಲ, 18 ತುಂಬಿದ ಹೊಸಬರಾದರೆ ಸಾಕು. ಅಲ್ಲಿ ಆಯ್ಕೆಯಾಗುವವರಲ್ಲಿ ಅನೇಕರು ಅರ್ಜಿ ಕರೆಯುವ ತಿಂಗಳುಗಳ ಮುಂಚೆಯೇ ಆ ಪ್ರಾಜೆಕ್ಟಿನ ಒಳಗೆ ಓಡಾಡಿಕೊಂಡಿರುತ್ತಾರೆ. ನೀವು ಈಗ ಓಡಾಡಲು ಶುರು ಮಾಡಿ. ಕೋಡ್‌ನವರೇ ಆಗಬೇಕಿಲ್ಲ. ಸರ್ಕ್ಯೂಟ್ ಬೋರ್ಡ್ ವಿನ್ಯಾಸಕ್ಕೆ ಕಿಕ್ಯಾಡ್ ಇದೆ, ಮೆಕ್ಯಾನಿಕಲ್‌ನವರಿಗೆ ಫ್ರೀಕ್ಯಾಡ್ ಇದೆ, ಎರಡೂ ಓಪನ್ ಸೋರ್ಸ್. ಯಾರೋ ಬರೆದಿಟ್ಟ ಒಂದು ದೋಷದ ವರದಿ ತೆಗೆದು, ನಿಮ್ಮ ಕಂಪ್ಯೂಟರ್‌ನಲ್ಲೂ ಅದೇ ಆಗುತ್ತದಾ ನೋಡಿ, ಯಾವ ಆವೃತ್ತಿಯಲ್ಲಿ, ಯಾವ ಹೆಜ್ಜೆಯಲ್ಲಿ ಕೆಡುತ್ತದೆ ಅಂತ ಬರೆದರೂ ಅದು ಕೆಲಸವೇ. ಹೆಸರು, ತಾರೀಕಿನ ಸಮೇತ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ.

ಪ್ರಶ್ನೆ: ಇಂಟರ್ವ್ಯೂನಲ್ಲಿ ‘ಗೊತ್ತಿಲ್ಲ’ ಅನ್ನಬಹುದೇ?

ಉತ್ತರ: ಅನ್ನಬಹುದು, ಆದರೆ ನಿಮ್ಮದೇ ಪ್ರಾಜೆಕ್ಟ್ ಬಗ್ಗೆ ಅನ್ನುವಂತಾಗಬಾರದು. ನನಗೆ ಹಾಗಾಗಿದೆ. ಗೆರೆ ಹಿಡಿದು ಓಡುವ ರೋಬೋ ಮಾಡಿದ್ದೆ, ರೆಸ್ಯೂಮೆಯಲ್ಲಿ ‘ಪಿಐಡಿ ಕಂಟ್ರೋಲ್’ ಅಂತ ದಪ್ಪಕ್ಷರದಲ್ಲಿ ಹಾಕಿದ್ದೆ. (ಗೆರೆಯಿಂದ ಎಷ್ಟು ತಪ್ಪಿದೆ ಅಂತ ನೋಡಿ ಸರಿಪಡಿಸುವ ವಿಧಾನ ಅದು: ಪಿ ಈಗಿನ ತಪ್ಪಿಗೆ, ಐ ಇಲ್ಲಿಯವರೆಗೆ ಕೂಡಿದ ತಪ್ಪಿಗೆ, ಡಿ ತಪ್ಪು ಬದಲಾಗುವ ವೇಗಕ್ಕೆ. ಐ ಭಾಗ ಎಷ್ಟಿರಬೇಕು ಅನ್ನುವ ಅಂಕಿ ಕೆಐ.) ಎದುರು ಕೂತಿದ್ದವರು ‘ಕೆಐ ಎಷ್ಟು ಇಟ್ಟಿದ್ದೀರಿ’ ಅಂದರು. ಸೊನ್ನೆ ಅಂದೆ. ಸೀನಿಯರ್ ಕೊಟ್ಟ ಮೂರು ಅಂಕಿಗಳನ್ನು ಹಾಗೇ ಇಳಿಸಿಕೊಂಡಿದ್ದೆ, ಅದರಲ್ಲಿ ಸೊನ್ನೆ ಇತ್ತು. ‘ಹಾಗಾದರೆ ಇದು ಪಿಡಿ, ಪಿಐಡಿ ಎಲ್ಲಿಂದ ಬಂತು?’ ಅಂದರು. ಯಾಕೆ ಸೊನ್ನೆ ಅಂತಲೂ ಕೇಳಿದರು. ಗೊತ್ತಿಲ್ಲ ಅಂದೆ. ಇಂಟರ್ವ್ಯೂ ಅಲ್ಲಿಗೇ ಮುಗಿಯಿತು.

ಅವತ್ತು ರಾತ್ರಿಯೇ ಕೆಐಗೆ ಒಂದು ಬೆಲೆ ಕೊಟ್ಟು ರೋಬೋ ಬಿಟ್ಟೆ. ತಿರುವಿನಲ್ಲಿ ತಪ್ಪೆಲ್ಲ ಕೂಡುತ್ತಾ ಹೋಗಿ, ಗೆರೆ ನೇರವಾದ ಮೇಲೂ ಅದು ತಿರುಗುತ್ತಲೇ ಇತ್ತು, ಹೋಗಿ ಗೋಡೆಗೆ ಗುದ್ದಿತು. ಯಾಕೆ ಅಂತ ಹೊಳೆಯಲು ಎರಡು ದಿನ ಹಿಡಿಯಿತು. ಮುಂದಿನ ಇಂಟರ್ವ್ಯೂನಲ್ಲಿ ನಾನಾಗಿಯೇ ಹೇಳಿದ್ದು ಆ ಗೋಡೆಯ ಕಥೆಯನ್ನೇ.