ಸರ್ಪಸುತ್ತಿನ ಗುಳ್ಳೆಯಲ್ಲಿ ಕೀವು ಬಂದರೆ ಕಾಯಬಹುದಾ?

ಕೋಲಾರದಲ್ಲಿರುವ ನಿಮ್ಮ ತಾಯಿ ಸ್ಟೆರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದಾರೆ, ಸರ್ಪಸುತ್ತಿನ ಗುಳ್ಳೆ ಒಡೆದು ಕೀವಾಗಿದೆ, ಎರಡು ದಿನ ನೋಡೋಣವಾ ಅಂತ ಕೇಳಿದ್ದೀರಿ. ಬೇಡ, ಇವತ್ತೇ ತೋರಿಸಿ.

ಸರ್ಪಸುತ್ತು ವೈರಸ್‌ನಿಂದ ಬರುವುದು. ಕೀವು ಬೇರೆ ಕಥೆ: ಚರ್ಮದ ಮೇಲೆ ಸುಮ್ನೆ ಇದ್ದ ಸ್ಟ್ಯಾಫಿಲೋಕಾಕಸ್, ಸ್ಟ್ರೆಪ್ಟೋಕಾಕಸ್‌ನಂಥ ಬ್ಯಾಕ್ಟೀರಿಯಾ ಒಡೆದ ಗುಳ್ಳೆಯಿಂದ ಒಳಗೆ ಇಳಿಯುತ್ತವೆ. ಸರ್ಪಸುತ್ತಿನ ವೈರಸ್‌ಗೆ ಕೊಡುವ ಅಸೈಕ್ಲೋವಿರ್ ಔಷಧಿ ಇವನ್ನು ಕೊಲ್ಲುವುದಿಲ್ಲ, ಆಂಟಿಬಯೋಟಿಕ್ ಬೇಕು. ಸ್ಟೆರಾಯ್ಡ್ ತಗೊಳ್ಳುವವರಿಗೆ ಜ್ವರವೂ ಜಾಸ್ತಿ ಕಾಣಿಸದೆ ಇರಬಹುದು. ಅಲ್ಲೇ ಮೋಸ ಹೋಗುವುದು.

ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಕೆಂಪು ಆ ಗೆರೆಯನ್ನು ದಾಟಿದರೆ, ಚರ್ಮ ಕಪ್ಪಾದರೆ, ನೋವು ವಿಪರೀತವಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮಾಂಸ ಕೊಳೆಸುವ ಸೋಂಕು ಅಪರೂಪ, ಆದರೆ ಗಂಟೆಗಳಲ್ಲಿ ಹರಡುತ್ತದೆ.

ನಮ್ಮ ಕಡೆ ಕೆಮ್ಮಣ್ಣು ಹಚ್ಚುತ್ತಾರಲ್ವಾ, ಒಡೆದ ಗುಳ್ಳೆಗೆ ಅದು ಬೇಡವೇ ಬೇಡ. ಸ್ಟೆರಾಯ್ಡನ್ನೂ ನೀವಾಗೇ ನಿಲ್ಲಿಸಬೇಡಿ.